ಕೆಳಗಡೆ ಉರಿ ನೋವಿಗೆ ಸೊಪ್ಪು, ರಾಗಿ ಬಿಡಬೇಕಾ? ಪ್ರಶ್ನೋತ್ತರ

ಪ್ರಶ್ನೆ (ಮಂಡ್ಯ ಕಡೆಯ ಸದಸ್ಯೆ, ಹೆಸರು ಬೇಡ ಎಂದಿದ್ದಾರೆ)

ಮೇಡಂ, ನಮಸ್ಕಾರ. ನನಗೆ 31 ವರ್ಷ. ಮೂರು ವರ್ಷದ ಮಗು ಇದೆ. ಒಂದೂವರೆ ವರ್ಷದಿಂದ ಕೆಳಗಡೆ ಉರಿ. ಯೋನಿಯ ಬಾಯಿ ಹತ್ತಿರ ಹಸಿಮೆಣಸಿನಕಾಯಿ ಹೆಚ್ಚಿದ ಕೈ ತಗಲಿದ ಹಾಗೆ ಉರಿಯುತ್ತದೆ. ಸ್ಕೂಟರ್ ಮೇಲೆ ಕೂತರೆ ಜಾಸ್ತಿ. ಬಿಗಿ ಪ್ಯಾಂಟ್ ಹಾಕುವ ಹಾಗಿಲ್ಲ. ಗಂಡನ ಜೊತೆ ಸೇರುವುದು ನಿಂತೇ ಹೋಗಿದೆ. ಅವರು ಏನೂ ಅನ್ನುವುದಿಲ್ಲ, ಆದರೆ ನನಗೇ ಸಂಕಟ.

ನೋಡಿದರೆ ಗಾಯ ಇಲ್ಲ, ಗುಳ್ಳೆ ಇಲ್ಲ. ತೋರಿಸಿದ ಕಡೆಯೆಲ್ಲ ಫಂಗಸ್ ಅಂತ ಕ್ರೀಮು, ಮಾತ್ರೆ ಕೊಟ್ಟರು. ಕೊನೆಗೊಬ್ಬರು "ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ" ಅಂದು ಕಳಿಸಿದರು.

ನಮ್ಮಕ್ಕ ಅಮೆರಿಕದಲ್ಲಿದ್ದಾಳೆ. ಅಲ್ಲಿ ಈ ನೋವಿಗೆ, ಸೊಪ್ಪು, ಬೀಜಗಳಲ್ಲಿ ಇರುವ ಆಕ್ಸಲೇಟ್ ಅನ್ನುವ ಅಂಶ ಕಡಿಮೆ ಇರುವ ಊಟ ಮಾಡುತ್ತಾರಂತೆ. ಬಿಡಬೇಕಾದ್ದರ ಪಟ್ಟಿ ಕಳಿಸಿದಳು. ಪಾಲಕ್, ದಂಟು, ಬಸಳೆ, ಬೀಟ್‌ರೂಟ್, ಬಾದಾಮಿ, ಕಡಲೆಕಾಯಿ, ಎಳ್ಳು, ಸೋಯಾ, ಟೀ, ರಾಗಿ, ಎಲ್ಲವೂ ಅದರಲ್ಲಿದೆ. ನಮ್ಮ ಮನೇಲಿ ದಿನಾ ಮುದ್ದೆ, ಸೊಪ್ಪಿನ ಬಸ್ಸಾರು. ಒಂದು ತಿಂಗಳಿಂದ ನಾನೊಬ್ಬಳೇ ಅನ್ನ, ಸೋರೆಕಾಯಿ, ಮಜ್ಜಿಗೆ ತಿನ್ನುತ್ತಿದ್ದೇನೆ. ತಲೆ ಸುತ್ತುತ್ತದೆ. ಹಿಮೋಗ್ಲೋಬಿನ್ 9.8 ಬಂದಿದೆ. ಅತ್ತೆ "ಉಷ್ಣ ಆಗಿದೆ, ಮೆಂತ್ಯ ನೆನೆಸಿ ಕುಡಿ" ಅಂತಾರೆ. ಊಟ ಬದಲಾಯಿಸಿದರೆ ಈ ನೋವು ಹೋಗುತ್ತಾ ಮೇಡಂ?

ಉತ್ತರ (ಸ್ತ್ರೀರೋಗ ತಜ್ಞೆ)

ಇವತ್ತು ರಾತ್ರಿಯಿಂದಲೇ ಮುದ್ದೆ ತಿನ್ನಿ. ಮಿಕ್ಕಿದ್ದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ನೋವು ನಿಜ. ಕಣ್ಣಿಗೆ ಗಾಯ ಕಾಣಲಿಲ್ಲ ಅಂದರೆ ನೋವೇ ಇಲ್ಲ ಅಂತಲ್ಲ. ಮೂರು ತಿಂಗಳಿಗಿಂತ ಜಾಸ್ತಿ ಇರುವ, ಪರೀಕ್ಷೆಯಲ್ಲಿ ಬೇರೆ ಕಾರಣ ಸಿಗದ ಇಂಥ ನೋವಿಗೆ ವಲ್ವೊಡೈನಿಯಾ ಅಂತ ಹೆಸರಿದೆ. ನೀವು ಬರೆದ ಲಕ್ಷಣ ಓದಿದರೆ ನನಗೆ ಅದೇ ನೆನಪಾಗುತ್ತದೆ. ಆದರೆ ಕೈಯಿಂದ ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾರೆ.

ಈಗ ಆಕ್ಸಲೇಟ್ ವಿಷಯ. ಅದು ಶುರುವಾಗಿದ್ದು 1991ರಲ್ಲಿ, ಅಮೆರಿಕದ ಒಂದು ವರದಿಯಿಂದ. ಅದರಲ್ಲಿದ್ದದ್ದು ಒಬ್ಬಳೇ ಒಬ್ಬ ಹೆಂಗಸು. ಅವಳ ಮೂತ್ರದಲ್ಲಿ ಆಕ್ಸಲೇಟ್ ಏರಿದಾಗ ನೋವೂ ಏರುತ್ತಿದೆ ಅಂತ ವೈದ್ಯರಿಗೆ ಕಂಡಿತು. ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಕ್ಯಾಲ್ಸಿಯಂ ಮಾತ್ರೆ ಕೊಟ್ಟರು, ಕ್ರಮೇಣ ಅವಳಿಗೆ ಗುಣ ಕಂಡಿತು. ಅಲ್ಲಿಂದ ಈ ಪಥ್ಯ ಹಬ್ಬಿತು. ನೋವಿನಲ್ಲಿರುವವರಿಗೆ, ಅದೂ ವೈದ್ಯರು ಕೈಬಿಟ್ಟವರಿಗೆ, ತಮ್ಮ ಕೈಯಲ್ಲೇ ಮಾಡಿಕೊಳ್ಳಬಹುದಾದ ಒಂದು ದಾರಿ ಸಿಕ್ಕರೆ ಹಿಡಿದುಕೊಳ್ಳುವುದು ಸಹಜ ಅಲ್ವಾ.

1997ರಲ್ಲಿ ಇದನ್ನು ಸರಿಯಾಗಿ ಪರೀಕ್ಷಿಸಿದರು. ನೋವಿರುವ 130 ಹೆಂಗಸರು, ನೋವಿಲ್ಲದ 23 ಹೆಂಗಸರು. ಎರಡೂ ಗುಂಪಿನ ಮೂತ್ರದಲ್ಲಿ ಹೋಗುವ ಆಕ್ಸಲೇಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಕ್ಸಲೇಟ್ ಜಾಸ್ತಿ ಇದ್ದವರಿಗೆ ಪಥ್ಯ, ಕ್ಯಾಲ್ಸಿಯಂ ಸಿಟ್ರೇಟ್ ಕೊಟ್ಟು ನೋಡಿದರು. ಹೆಚ್ಚುಕಡಿಮೆ ಕಾಲು ಭಾಗದಷ್ಟು ಜನರಿಗೆ ಸ್ವಲ್ಪ ಸುಧಾರಿಸಿತು. ಆದರೆ ಏನೂ ಮಾಡದೆಯೂ ಕೆಲವರಿಗೆ ಈ ನೋವು ತಗ್ಗುತ್ತದೆ. ಹಾಗಾಗಿ ಅದು ಪಥ್ಯದ ಗುಣ ಅಂತ ಹೇಳಲು ಬರುವುದಿಲ್ಲ. ಮತ್ತೆ 2008ರಲ್ಲಿ ಬಾಸ್ಟನ್ ಸುತ್ತಮುತ್ತ ನೋವಿರುವ 242 ಜನರ ಊಟವನ್ನು ನೋವಿಲ್ಲದ ಅಷ್ಟೇ ಜನರ ಊಟದ ಜೊತೆ ಹೋಲಿಸಿದರು. ಆಕ್ಸಲೇಟ್ ಜಾಸ್ತಿ ತಿಂದವರಿಗೆ ನೋವು ಜಾಸ್ತಿ ಅನ್ನುವುದು ಅಲ್ಲೂ ಕಾಣಲಿಲ್ಲ.

ಅಂದರೆ ಆಧಾರ ತೀರಾ ತೆಳು. ಆ ತೆಳು ಆಧಾರಕ್ಕೆ ನೀವು ಏನೇನು ಬಿಟ್ಟಿರಿ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೇರೆ ಯಾವ ದಿನಬಳಕೆಯ ಧಾನ್ಯದಲ್ಲೂ ಅಷ್ಟಿಲ್ಲ. ಸೊಪ್ಪು, ಕಡಲೆಕಾಯಿ, ಎಳ್ಳು ಹೋದರೆ ಫೋಲೇಟ್, ಕಬ್ಬಿಣ, ಪ್ರೋಟೀನ್ ಎಲ್ಲಿಂದ ಬರಬೇಕು? ನಿಮ್ಮ ವಯಸ್ಸಿನ ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. 9.8 ಅಂದರೆ ರಕ್ತಹೀನತೆ. ಒಂದು ತಿಂಗಳ ಪಥ್ಯದಿಂದಲೇ ಅಷ್ಟು ಇಳಿಯುವುದಿಲ್ಲ, ಮುಂಚೆಯಿಂದಲೂ ಕಡಿಮೆ ಇದ್ದಿರಬೇಕು. ಈ ಪಥ್ಯ ಅದನ್ನು ಇನ್ನೂ ಇಳಿಸುತ್ತದೆ. ಕಬ್ಬಿಣದ ಮಾತ್ರೆ ಶುರು ಮಾಡಬೇಕು. ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆ ಅದನ್ನು ನುಂಗಬೇಡಿ. ನಿಂಬೆ ನೀರಿನ ಜೊತೆ ಆಗಬಹುದು.

ಅತ್ತೆ ಹೇಳಿದ ಮೆಂತ್ಯ ಕುಡಿದರೆ ತೊಂದರೆ ಇಲ್ಲ. ಕೆಳಗಿನ ಉರಿ ಅದರಿಂದ ಹೋಗುವುದಿಲ್ಲ, ಆದರೆ ಮಲಬದ್ಧತೆ ಇದ್ದರೆ ಅನುಕೂಲ. ಅದೂ ಸಣ್ಣ ವಿಷಯವಲ್ಲ. ದಿನಾ ತಿಣುಕಿದರೆ ಕೆಳಹೊಟ್ಟೆಯ ತಳದಲ್ಲಿರುವ ಮಾಂಸಖಂಡಗಳು ಬಿಗಿಯುತ್ತವೆ, ನೋವು ಏರುತ್ತದೆ. ಊಟದಿಂದ ಈ ನೋವಿಗೆ ನಾನು ಕಂಡಿರುವ ನಿಜವಾದ ಉಪಕಾರ ಇದೇ. ನಾರು, ನೀರು, ಸಲೀಸಾದ ಮಲ. ನೀವು ಬಿಟ್ಟ ಸೊಪ್ಪು, ರಾಗಿ ಇದಕ್ಕೂ ಬೇಕು.

ಸದಸ್ಯೆ

ಓದಿ ಅಳು ಬಂತು ಮೇಡಂ. ಇಷ್ಟು ದಿನ ಯಾರೂ ಇದಕ್ಕೆ ಹೆಸರು ಕೂಡ ಹೇಳಿರಲಿಲ್ಲ. ಹಾಗಾದರೆ ಪಥ್ಯ ಪೂರ್ತಿ ಬಿಡಲಾ? ಅಕ್ಕ ಕೇಳಿದರೆ "ಒಂದು ಸಲ ಸರಿಯಾಗಿ ಮಾಡಿ ನೋಡು" ಅಂತಾಳೆ. ಸೊಪ್ಪು ಬೇಯಿಸಿ ನೀರು ಬಸಿದರೆ ಆಕ್ಸಲೇಟ್ ಹೋಗುತ್ತದಂತೆ. ನಾವು ಹೇಗೂ ಬಸಿದೇ ಮಾಡೋದು.

ಉತ್ತರ

ಬಸಿಯುವುದೇನೋ ನಿಜ. ಆದರೆ ಬಸಿದ ನೀರು ಎಲ್ಲಿಗೆ ಹೋಗುತ್ತದೆ? ಬಸ್ಸಾರಿಗೆ. ಆಕ್ಸಲೇಟ್ ಇಳಿಯುವುದು ಆ ಕಟ್ಟಿನೊಳಕ್ಕೇ. ಅದಕ್ಕೇ ಖಾರ ರುಬ್ಬಿ ಹಾಕಿ ಸಾರು ಮಾಡಿ, ಮುದ್ದೆ ಜೊತೆ ಉಣ್ಣುತ್ತೇವೆ. ಅಮೆರಿಕದವರು ಆ ನೀರನ್ನು ಸಿಂಕಿಗೆ ಚೆಲ್ಲುವವರು, ಅವರ ಸಲಹೆ ಅವರ ಅಡುಗೆಗೆ ಸರಿ.

ಮಾಡಿ ನೋಡಲೇಬೇಕು ಅನ್ನಿಸಿದರೆ ಮೊದಲು ರಕ್ತ ಸರಿಯಾಗಲಿ. ಆಮೇಲೆ ಆರು ವಾರ ಮಾತ್ರ. ನಿಜವಾಗಿ ಆಕ್ಸಲೇಟ್ ತುಂಬಾ ಇರುವ ನಾಲ್ಕೈದನ್ನಷ್ಟೇ ಬಿಡಿ: ಪಾಲಕ್, ದಂಟು, ಬಸಳೆ, ಬೀಟ್‌ರೂಟ್, ಹಿಡಿಗಟ್ಟಲೆ ಬಾದಾಮಿ. ಸೊಪ್ಪು ಬೇಕಾದರೆ ಮೆಂತ್ಯ ಸೊಪ್ಪು ತನ್ನಿ, ಎಲೆಕೋಸು ಇದೆ. ದಂಟೇ ಬೇಕು ಅಂದರೆ ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಪಲ್ಯ ಮಾಡಿ. ಸಾರಿಗೆ ಬೇಳೆ ಬೇರೆ ಬೇಯಿಸಿಕೊಳ್ಳಿ. ಊಟದ ಜೊತೆ ಮೊಸರು ಇರಲಿ. ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಕಳಿಸುತ್ತದೆ. ಹಾಲು ಹಾಕಿದ ಟೀಗೂ ಇದೇ ಲೆಕ್ಕ, ಎರಡು ಲೋಟಕ್ಕೆ ಹೆದರಬೇಡಿ. ರಾಗಿ ಮುಟ್ಟಬೇಡಿ ಅಂತ ನಾನಂತೂ ಹೇಳುವುದಿಲ್ಲ.

ಪ್ರತಿ ರಾತ್ರಿ ಮಲಗುವ ಮುಂಚೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಸೊನ್ನೆಯಿಂದ ಹತ್ತರೊಳಗೆ ನೋವಿನ ಅಂಕಿ ಬರೆಯಿರಿ. ಮುಟ್ಟಿನ ದಿನ ಗುರುತು ಹಾಕಿ, ಏಕೆಂದರೆ ಮುಟ್ಟಿಗೆ ಮುಂಚೆ ಕೆಲವರಿಗೆ ಏರುತ್ತದೆ. ಪಥ್ಯಕ್ಕೆ ಎರಡು ವಾರ ಮುಂಚಿನಿಂದಲೇ ಬರೆಯಿರಿ. ಹೊಸ ಮಾತ್ರೆ, ಹೊಸ ಕ್ರೀಮು ಅದೇ ಹೊತ್ತಿಗೆ ಶುರು ಮಾಡಬೇಡಿ, ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಆರು ವಾರದಲ್ಲಿ ಅಂಕಿ ಇಳಿಯದಿದ್ದರೆ ಎಲ್ಲವನ್ನೂ ತಟ್ಟೆಗೆ ವಾಪಸ್ ತನ್ನಿ. ಪಥ್ಯದಲ್ಲಿ ಗುಣ ಕಾಣದಿದ್ದಾಗ "ನಾನೇ ಸರಿಯಾಗಿ ಮಾಡಲಿಲ್ಲ" ಅಂತ ಇನ್ನಷ್ಟು ಬಿಡುತ್ತಾ ಹೋಗುವ ಹೆಣ್ಣುಮಕ್ಕಳನ್ನು ನೋಡಿ ನನಗೆ ತುಂಬಾ ಬೇಜಾರಾಗುತ್ತದೆ. ತಪ್ಪು ಅವರದ್ದಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮಗೆ ಹತ್ತಿ ಕಡ್ಡಿಯ ಪರೀಕ್ಷೆ ಮಾಡಿದ್ದಾರಾ? ಒದ್ದೆ ಮಾಡಿದ ಹತ್ತಿ ಕಡ್ಡಿಯಿಂದ ತೊಡೆಯ ಒಳಭಾಗದಿಂದ ಶುರು ಮಾಡಿ, ಯೋನಿಯ ಬಾಯಿ ಸುತ್ತ ಒಂದೊಂದೇ ಜಾಗ ಮೆಲ್ಲಗೆ ಮುಟ್ಟುತ್ತಾರೆ. ಎಲ್ಲಿ ನೋವು, ಎಷ್ಟು ನೋವು ಅಂತ ನೀವು ಹೇಳಬೇಕು. ಹೊರಗಿನ ಚರ್ಮಕ್ಕೆ ಏನೂ ಆಗದೆ, ಬಾಯಿಯ ಕೆಳ ಅಂಚು ಮುಟ್ಟಿದ ಕೂಡಲೇ ಚುಚ್ಚಿದ ಹಾಗಾಗುವುದು ಈ ನೋವಿನ ದೊಡ್ಡ ಗುರುತು. ಯಂತ್ರ ಬೇಡ, ಖರ್ಚಿಲ್ಲ. ಇದನ್ನು ಮಾಡದೆ ಒಂದರ ಮೇಲೊಂದು ಫಂಗಸ್ ಕ್ರೀಮು ಬರೆಯಬಾರದು. ಫಂಗಸ್ ಇದೆಯೋ ಇಲ್ಲವೋ ಸ್ವಾಬ್ ತೆಗೆದು ಕಲ್ಚರ್ ಮಾಡಿದರೆ, ಅಂದರೆ ಅಲ್ಲಿಂದ ಒರೆಸಿ ತೆಗೆದದ್ದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದರೆ, ಗೊತ್ತಾಗುತ್ತದೆ. ಸ್ಟೀರಾಯ್ಡ್ ಬೆರೆತ ಕ್ರೀಮುಗಳನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಉರಿ ಇನ್ನೂ ಹೆಚ್ಚುತ್ತದೆ. ಮಗು ಇನ್ನೂ ಹಾಲು ಕುಡಿಯುತ್ತಿದ್ದರೆ ಅದನ್ನೂ ಹೇಳಿ, ಹಾಲೂಡಿಸುವಾಗ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಅಲ್ಲಿ ಒಣಗುತ್ತದೆ.

ವಲ್ವೊಡೈನಿಯಾನೇ ಅಂತ ಖಚಿತವಾದರೆ, ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಪೆಲ್ವಿಕ್ ಫ್ಲೋರ್ (ಕೆಳಹೊಟ್ಟೆಯ ತಳದ ಮಾಂಸಖಂಡಗಳ) ಫಿಸಿಯೋಥೆರಪಿಗೆ. ನೋವಿಗೆ ಹೆದರಿ ಮಾಂಸಖಂಡ ಬಿಗಿಯುತ್ತದೆ, ಬಿಗಿದದ್ದಕ್ಕೆ ನೋವು ಹೆಚ್ಚುತ್ತದೆ. ಅದನ್ನು ಸಡಿಲಿಸುವುದನ್ನು ಅವರು ಕಲಿಸುತ್ತಾರೆ. ಕೆನಡಾದಲ್ಲಿ 212 ಹೆಂಗಸರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಾತ್ರಿ ಲಿಡೊಕೇನ್ ಅನ್ನುವ ಮರಗಟ್ಟಿಸುವ ಮುಲಾಮು ಹಚ್ಚಿದವರಿಗಿಂತ ಫಿಸಿಯೋಥೆರಪಿ ಪಡೆದವರಿಗೆ ಸ್ಪಷ್ಟವಾಗಿ ಜಾಸ್ತಿ ಗುಣವಾಯಿತು. ಒಂದು ಎಚ್ಚರಿಕೆ: ಹೆರಿಗೆ ಆದ ಮೇಲೆ ಹೇಳಿಕೊಡುವ ಬಿಗಿ ಹಿಡಿಯುವ ವ್ಯಾಯಾಮವನ್ನು ನೀವಾಗೇ ಮಾಡಬೇಡಿ. ನಿಮಗೆ ಬೇಕಿರುವುದು ಸಡಿಲ ಬಿಡುವುದು. ಬೆಂಗಳೂರಿನಲ್ಲಿ ಇದನ್ನೇ ಮಾಡುವ ಫಿಸಿಯೋಗಳು ಸಿಗುತ್ತಾರೆ.

ನರದ ನೋವಿಗೆ ಅಮಿಟ್ರಿಪ್ಟಿಲಿನ್ ಮಾತ್ರೆಯನ್ನು ರಾತ್ರಿ ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. ಅದು ಖಿನ್ನತೆಯ ಮಾತ್ರೆ ಅಂತ ಚೀಟಿಯಲ್ಲಿ ಓದಿ ಗಾಬರಿಯಾಗಬೇಡಿ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ. ನರದ ನೋವಿಗೇ ಕೊಡುವ ಗ್ಯಾಬಪೆಂಟಿನ್ ಅನ್ನುವ ಇನ್ನೊಂದು ಮಾತ್ರೆಯನ್ನು ಬರೀ ಹುಸಿ ಮಾತ್ರೆಯ ಜೊತೆ ಹೋಲಿಸಿ ನೋಡಿದಾಗ ಹೆಚ್ಚಿನ ಲಾಭ ಕಾಣಲಿಲ್ಲ.

ಮನೆಯಲ್ಲಿ ಇವತ್ತೇ ಮಾಡಬಹುದಾದ್ದು: ಬರೀ ನೀರಿನಲ್ಲಿ ತೊಳೆಯಿರಿ. ಸೋಪು, ಡೆಟಾಲ್, ಆ ಜಾಗಕ್ಕೇ ಅಂತ ಮಾರುವ ವಾಶ್ ಯಾವುದೂ ಬೇಡ. ಪರಿಮಳದ ಪ್ಯಾಡ್ ಬೇಡ. ಸೇರುವಾಗ ನೋವು ತಡೆದುಕೊಂಡು ಹೋಗಬೇಡಿ. ಪ್ರತಿ ಸಲ ನೋವಾದರೆ ದೇಹ ಮುಂದಿನ ಸಲಕ್ಕೆ ಮೊದಲೇ ಬಿಗಿದುಕೊಳ್ಳುತ್ತದೆ. ನಿಮ್ಮ ಯಜಮಾನರಿಗೆ ಈ ಉತ್ತರ ಓದಿಸಿ.

ಇನ್ನೊಬ್ಬ ಸದಸ್ಯೆ (ಧಾರವಾಡ)

ಡಾಕ್ಟ್ರೇ, ನನಗೆ ಕಲ್ಚರ್‌ನಲ್ಲಿ ಫಂಗಸ್ ಬಂದಿದೆ, ಪದೇ ಪದೇ ಆಗುತ್ತದೆ. ಹುದುಗು ಬಂದದ್ದು ತಿನ್ನಬಾರದು, ಇಡ್ಲಿ ದೋಸೆ ಬಿಡಿ ಅಂತ ಒಬ್ಬರು ಹೇಳಿದರು. ನಿಜಾನಾ?

ಉತ್ತರ

ಇಲ್ಲ. ಇಡ್ಲಿ ಹಿಟ್ಟು ಉಬ್ಬುವುದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ, ಹಬೆಯಲ್ಲಿ ಬೆಂದ ಮೇಲೆ ಅದೂ ಉಳಿಯುವುದಿಲ್ಲ. ಧಾರಾಳವಾಗಿ ತಿನ್ನಿ. ನೀವು ನೋಡಿಸಬೇಕಾದ್ದು ರಕ್ತದ ಸಕ್ಕರೆ. ಖಾಲಿ ಹೊಟ್ಟೆಯದ್ದೊಂದೇ ಸಾಲದು, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ. ಫಂಗಸ್ ಮರುಕಳಿಸುತ್ತಿದೆ ಅಂತ ಬಂದವರಲ್ಲಿ ಸಕ್ಕರೆ ಕಾಯಿಲೆ ಮೊದಲ ಸಲ ಗೊತ್ತಾಗುವುದುಂಟು.

ಇನ್ನೊಬ್ಬ ಸದಸ್ಯೆ (ಚಿಕ್ಕಮಗಳೂರು)

ನನಗೂ ಉರಿ, ಆದರೆ ಜೊತೆಗೆ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು. ಮೂತ್ರದ ಕಲ್ಚರ್ ಪ್ರತಿ ಸಲ ನಾರ್ಮಲ್. ಕಾಫಿ ಕುಡಿದ ದಿನ ಜಾಸ್ತಿ. ನಮ್ಮದು ಕಾಫಿ ತೋಟ, ದಿನಕ್ಕೆ ಐದಾರು ಲೋಟ ಆಗುತ್ತದೆ.

ಉತ್ತರ

ನಿಮ್ಮ ಲೆಕ್ಕ ಬೇರೆ. ಮೂತ್ರಕೋಶ ತುಂಬಿದಾಗ ನೋವು ಹೆಚ್ಚಿ, ಹೋದ ಮೇಲೆ ತಗ್ಗಿದರೆ ಅದು ಮೂತ್ರಕೋಶದ ನೋವಿರಬಹುದು. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಮೂತ್ರಕೋಶದ ನೋವಿನಲ್ಲಿ ಊಟಕ್ಕೆ ನಿಜವಾಗಿ ಪಾತ್ರವಿದೆ. ಕಾಫಿ, ಟೀ, ಸೋಡಾ, ಮದ್ಯ, ಕಿತ್ತಳೆ ಮೂಸಂಬಿ, ಟೊಮ್ಯಾಟೊ, ಜಾಸ್ತಿ ಖಾರ, ಇವುಗಳಿಂದ ಕೆಣಕುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಆದರೆ ಎಲ್ಲವೂ ಎಲ್ಲರಿಗೂ ಅಲ್ಲ. ಕಾಫಿಯಿಂದ ಶುರು ಮಾಡಿ. ಒಂದೇ ದಿನ ನಿಲ್ಲಿಸಿದರೆ ತಲೆನೋವು ಬರುತ್ತದೆ, ವಾರದಲ್ಲಿ ಮೆಲ್ಲಗೆ ಇಳಿಸಿ. ಮೂರು ವಾರ ಬಿಟ್ಟು, ಆಮೇಲೆ ಒಂದು ಬೆಳಗ್ಗೆ ಒಂದು ಲೋಟ ಕುಡಿದು ನೋಡಿ. ಉರಿ ಮರಳಿ ಬಂದರೆ ಗೊತ್ತಾಯಿತು. ಬರದಿದ್ದರೆ ಸುಮ್ನೆ ಯಾಕೆ ಬಿಡಬೇಕು, ದಿನಕ್ಕೊಂದು ಲೋಟ ಕುಡಿಯಿರಿ. ಉರಿಗೆ ಹೆದರಿ ನೀರು ಕಡಿಮೆ ಮಾಡಬೇಡಿ, ಮೂತ್ರ ಗಟ್ಟಿಯಾದಷ್ಟೂ ಉರಿ ಜಾಸ್ತಿ.

ಇನ್ನೊಬ್ಬ ಸದಸ್ಯೆ

ನಮ್ಮಮ್ಮನಿಗೆ 58. ಅಲ್ಲಿ ಬೆಳ್ಳಗೆ ಪ್ಯಾಚ್ ಆಗಿದೆ, ರಾತ್ರಿ ನಿದ್ದೆ ಬರದಷ್ಟು ತುರಿಕೆ. ಬದನೆಕಾಯಿ, ಮೀನು ಬಿಡಿಸಿದ್ದೇವೆ.

ಉತ್ತರ

ಅಮ್ಮನಿಗೆ ಅವೆರಡನ್ನೂ ವಾಪಸ್ ಕೊಡಿ, ಈ ವಾರವೇ ಸ್ತ್ರೀರೋಗ ಅಥವಾ ಚರ್ಮ ತಜ್ಞರಿಗೆ ತೋರಿಸಿ. ಇದು ಲೈಕನ್ ಸ್ಕ್ಲಿರೋಸಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು. ಬಲವಾದ ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಹೇಳಿದ ಲೆಕ್ಕದಲ್ಲಿ ಹಚ್ಚಿದರೆ ಹತೋಟಿಗೆ ಬರುತ್ತದೆ. ಮೇಲೆ ನಾನು ಬೇಡ ಅಂದದ್ದು ಕಾಯಿಲೆ ಯಾವುದು ಅಂತ ತಿಳಿಯದೆ ಹಚ್ಚುವ ಸ್ಟೀರಾಯ್ಡ್. ಈ ಕಾಯಿಲೆಗೆ ಚಿಕಿತ್ಸೆ ಮಾಡದೆ ಬಿಟ್ಟರೆ ಆ ಜಾಗ ಮುದುರುತ್ತದೆ, ಸಣ್ಣ ಪ್ರಮಾಣದಲ್ಲಿ ಕ್ಯಾನ್ಸರಿನ ಅಪಾಯವೂ ಇದೆ.

ಸದಸ್ಯೆ (ಮಂಡ್ಯ)

ಮೇಡಂ, ಮೈಸೂರಿನಲ್ಲಿ ತೋರಿಸಲು ಹೊರಟಿದ್ದೇನೆ. ಹೋಗುವಾಗ ಏನು ಹೇಳಲಿ? ಮತ್ತೆ ಟೆನ್ಷನ್ ಅಂದುಬಿಟ್ಟರೆ ಅಂತ ಭಯ.

ಉತ್ತರ

ಮುಟ್ಟು ಮುಗಿದ ಮೇಲಿನ ದಿನ ಹಿಡಿಯಿರಿ. ಹೋಗುವ ಮುಂಚೆ ಎರಡು ವಾರ ಫಂಗಸ್ ಕ್ರೀಮು, ಮಾತ್ರೆ ಬೇಡ, ಇಲ್ಲದಿದ್ದರೆ ಕಲ್ಚರ್ ಸರಿಯಾಗಿ ಬರುವುದಿಲ್ಲ. ಇದುವರೆಗಿನ ಚೀಟಿ, ಖಾಲಿ ಟ್ಯೂಬು ಎಲ್ಲ ಒಂದು ಕವರಿನಲ್ಲಿ ತೆಗೆದುಕೊಂಡು ಹೋಗಿ. ಒಳಗೆ ಕೂತ ಕೂಡಲೇ ಹೀಗೆ ಹೇಳಿ: "ಒಂದೂವರೆ ವರ್ಷದಿಂದ ಯೋನಿಯ ಬಾಯಿ ಹತ್ತಿರ ಉರಿ ನೋವಿದೆ, ಫಂಗಸ್ ಔಷಧಿಗೆ ಗುಣವಾಗಿಲ್ಲ, ವಲ್ವೊಡೈನಿಯಾ ಇರಬಹುದಾ ಅಂತ ಹತ್ತಿ ಕಡ್ಡಿ ಇಟ್ಟು ನೋಡಿ." ಬರೆದುಕೊಂಡು ಹೋಗಿ ಓದಿದರೂ ಆಯಿತು. ಒಳಗೆ ನೋಡಲು ಹಾಕುವ ಉಪಕರಣ, ಸ್ಪೆಕ್ಯುಲಮ್, ಹಾಕುವುದಾದರೆ ಚಿಕ್ಕದನ್ನು ಹಾಕಲು ಹೇಳಿ, ನೋವಾದರೆ ನಿಲ್ಲಿಸಿ ಅನ್ನಿ. ಹಾಗೆ ಕೇಳುವ ಹಕ್ಕು ನಿಮಗಿದೆ. ಹಿಮೋಗ್ಲೋಬಿನ್ ರಿಪೋರ್ಟೂ ತೋರಿಸಿ.