ಪದಚರ್ಚೆ (ತುರ್ತು): ಗಗನಯಾನಿಗಳ ಫಲಕಕ್ಕೆ ‘ಇನ್‌ಆಕ್ಟಿವಿಟಿ’, ‘ಬೆಡ್ ರೆಸ್ಟ್’, ‘ಮಸಲ್ ಅಟ್ರೋಫಿ’

ಅನುವಾದಕಿ, ಮೈಸೂರು:

ಮಾನ್ಯರೇ, ಮಾನವಸಹಿತ ಬಾಹ್ಯಾಕಾಶ ಯಾನವನ್ನು ಕುರಿತ ಒಂದು ಪ್ರದರ್ಶನಕ್ಕೆ ಕನ್ನಡ ಫಲಕಗಳನ್ನು ಸಿದ್ಧಪಡಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಎಲ್ಲವೂ ಅಚ್ಚಿಗೆ ಹೋಗಬೇಕು. ಉಳಿದವು ಮುಗಿದಿವೆ, ಒಂದು ಫಲಕ ಮಾತ್ರ ನಿಂತುಬಿಟ್ಟಿದೆ. ಮೈಗೆ ಚಟುವಟಿಕೆ ಇಲ್ಲದಿರುವುದು, ತಿನ್ನುವ ಆಹಾರ ಮತ್ತು ಬಾಹ್ಯಾಕಾಶದ ಪರಿಸ್ಥಿತಿ, ಈ ಮೂರೂ ಅಮೈನೋ ಆಮ್ಲಗಳ ಮೆಟಬಾಲಿಸಂ ಅನ್ನು ಹೇಗೆ ಬದಲಿಸುತ್ತವೆ ಎಂಬುದು ಅದರ ವಿಷಯ.

ನಾನು ಬರೆದಿಟ್ಟಿರುವ ಶೀರ್ಷಿಕೆ: ‘ನಿಷ್ಕ್ರಿಯತೆ, ಆಹಾರ ಮತ್ತು ಬಾಹ್ಯಾಕಾಶ: ಅಮೈನೋ ಆಮ್ಲಗಳ ಚಯಾಪಚಯದ ಮೇಲಿನ ಪರಿಣಾಮ’. ‘ನಿಷ್ಕ್ರಿಯತೆ’ ಎಂದೊಡನೆ ಕಡತ ಮುಟ್ಟದ ಕಚೇರಿಯೇ ನೆನಪಾಗುತ್ತದೆ. ‘ಜಡತ್ವ’ ಎನ್ನೋಣವೆಂದರೆ ಪಕ್ಕದ ಫಲಕದಲ್ಲಿ ನ್ಯೂಟನ್ನನ ನಿಯಮಕ್ಕೆ ಅದೇ ಪದವನ್ನು ಈಗಾಗಲೇ ಬಳಸಿಯಾಗಿದೆ. ಬಾಹ್ಯಾಕಾಶದಲ್ಲಿ ದೇಹಕ್ಕೆ ಆಗುವುದನ್ನು ಭೂಮಿಯಲ್ಲೇ ತಿಳಿಯಲು ಜನರನ್ನು ದಿನಗಟ್ಟಲೆ ಮಲಗಿಸಿ ನಡೆಸುವ ‘ಬೆಡ್ ರೆಸ್ಟ್’ ಪ್ರಯೋಗಕ್ಕೆ ‘ಹಾಸಿಗೆ ಹಿಡಿದವರ ಅಧ್ಯಯನ’ ಎಂದಿದ್ದೇನೆ, ಸ್ನಾಯು ಸಣ್ಣದಾಗುವ ‘ಮಸಲ್ ಅಟ್ರೋಫಿ’ಗೆ ‘ಸ್ನಾಯುಕ್ಷಯ’. ಎರಡೂ ಮನಸ್ಸಿಗೆ ಒಪ್ಪುತ್ತಿಲ್ಲ. ಓದುವವರು ಎಂಟನೆಯ ತರಗತಿಯ ಮಕ್ಕಳು ಮತ್ತು ಅವರ ತಂದೆತಾಯಿಯರು. ದಯವಿಟ್ಟು ಸಲಹೆ ಕೊಡಿ.

ನಿವೃತ್ತ ಸಂಸ್ಕೃತ ಅಧ್ಯಾಪಕರು, ಉಡುಪಿ:

ತಾಯಿ, ‘ಚಯಾಪಚಯ’ವನ್ನು ಯಾವ ಕಾರಣಕ್ಕೂ ಬಿಡಬೇಡಿ. ‘ಚಿ’ ಧಾತುವಿಗೆ ಪೇರಿಸು, ಕೂಡಿಸು ಎಂಬ ಅರ್ಥ. ಚಯವೆಂದರೆ ರಾಶಿ, ಅಪಚಯವೆಂದರೆ ಆ ರಾಶಿಯ ಇಳಿಕೆ. ದೇಹವು ಅಮೈನೋ ಆಮ್ಲಗಳನ್ನು ಪೋಣಿಸಿ ಪ್ರೋಟೀನು ಕಟ್ಟುವುದು ಚಯ, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಅಮೈನೋ ಆಮ್ಲವಾಗಿಸುವುದು ಅಪಚಯ. ಗ್ರೀಕ್ ಮೂಲದ ‘ಮೆಟಬಾಲಿಸಂ’ಗೆ ಬರಿಯ ‘ಬದಲಾವಣೆ’ ಎಂಬಷ್ಟೇ ಮೂಲಾರ್ಥವಿರುವಾಗ, ನಮ್ಮ ಪದವು ಏರಿಕೆಯನ್ನೂ ಇಳಿಕೆಯನ್ನೂ ಒಂದೇ ಸಮಾಸದಲ್ಲಿ ಹಿಡಿದಿಟ್ಟಿದೆ. ಹಿಂದಿಯವರ ‘ಉಪಾಪಚಯ’ವನ್ನು ನಮ್ಮಲ್ಲಿಯೂ ಕೆಲವರು ತುರುಕಲು ನೋಡಿದ್ದಾರೆ, ಅದು ಬೇಡ.

ನಿಮ್ಮ ಮೊದಲನೆಯ ಪದಕ್ಕೆ ಹೊಸದನ್ನು ಹುಡುಕುವ ಅಗತ್ಯವೇ ಇಲ್ಲ. ಚರಕಸಂಹಿತೆಯು ಪ್ರಮೇಹದ, ಅಂದರೆ ಸಕ್ಕರೆ ಕಾಯಿಲೆಯಂಥ ಮೂತ್ರರೋಗಗಳ, ಕಾರಣಗಳನ್ನು ಹೇಳುವಾಗ ‘ಆಸ್ಯಾಸುಖ’ದಿಂದಲೇ ಆರಂಭಿಸುತ್ತದೆ. ಕುಳಿತಲ್ಲೇ ಕುಳಿತಿರುವ ಸುಖ ಎಂದು ಅದರರ್ಥ. ಚಟುವಟಿಕೆ ಇಲ್ಲದ ದೇಹ ಮತ್ತು ಆಹಾರ, ಎರಡರ ಸಂಬಂಧವೂ ಅಲ್ಲಿಯೇ ಇದೆ. ಫಲಕದಲ್ಲಿ ಇದನ್ನು ಬಳಸಿ, ಮಕ್ಕಳೂ ಒಂದು ಒಳ್ಳೆಯ ಪದ ಕಲಿಯಲಿ.

ಅಚ್ಚಗನ್ನಡದ ಸದಸ್ಯರು, ಶಿವಮೊಗ್ಗ:

ಮಕ್ಕಳು ಓದಲೆಂದು ಬರೆಯುವ ಹಲಗೆಯ ಮೇಲೆ ‘ಆಸ್ಯಾಸುಖ’ ಎಂದು ಬರೆದರೆ ಮಕ್ಕಳು ಅದನ್ನು ನೋಡಿ ನಕ್ಕು ಮುಂದೆ ಹೋಗುತ್ತಾರೆ. ‘ಚಯಾಪಚಯ’ದ ಹಣೆಬರಹವೂ ಅದೇ. ಅದನ್ನು ಬಾಯಿಪಾಟ ಮಾಡಿದ ಮಗು ಒರೆಹಾಳೆಯಲ್ಲಿ ತಪ್ಪಿಲ್ಲದೆ ಬರೆದೀತು, ಆದರೆ ಬಿಡಿಸಿ ಹೇಳು ಎಂದರೆ ಬಾಯಿ ಕಟ್ಟುತ್ತದೆ. ‘ಪ್ರೋಟೀನು’ ಇರಲಿ; ಅದು ಹೊರಗಿನಿಂದ ಬಂದದ್ದು, ಹೊರಗಿನದೆಂದೇ ಎಲ್ಲರಿಗೂ ಗೊತ್ತು. ಸಂಸ್ಕೃತದ ಮಾತನ್ನು ತಂದು ಇದೇ ಕನ್ನಡ ಎಂದು ಹೇಳುವುದು ನನಗೆ ಹಿಡಿಸದ ಕೆಲಸ.

ಮೆಟಬಾಲಿಸಂಗೆ ‘ಮೈಮಾರ್ಪು’ ಎನ್ನಿ. ಅದರ ಗ್ರೀಕ್ ಹುರುಳು ‘ಬದಲಾವಣೆ’ ಎಂದು ಹಿರಿಯರೇ ಈಗ ಒಪ್ಪಿಕೊಂಡಿದ್ದಾರೆ, ಮಾರ್ಪು ಎಂದರೂ ಅದೇ. ಅಮೈನೋ ಆಮ್ಲವನ್ನು ‘ಅಮೈನೋ ಹುಳಿ’ ಎನ್ನಿ. ‘ಸ್ನಾಯುಕ್ಷಯ’ವನ್ನು ‘ಕಂಡಸೊರಗು’ ಎನ್ನಿ. ಕಂಡ ಎಂಬುದು ಮಾಂಸಕ್ಕೆ ನಮ್ಮದೇ ಮಾತು, ಅದನ್ನು ‘ಖಂಡ’ ಎಂದು ಉಸಿರುಗಟ್ಟಿಸಿ ಬರೆಯಬೇಕಾಗಿಲ್ಲ.

ಹಿರಿಯ ಉಪಸಂಪಾದಕರು, ಬೆಂಗಳೂರು:

ನಾಳೆ ಸಂಜೆಗೆ ಫಲಕ ಹೋಗಬೇಕಾಗಿದೆ. ‘ಅಮೈನೋ ಹುಳಿ’ ಎಂದು ಬರೆದರೆ ಅಡುಗೆ ಪ್ರದರ್ಶನದ ಫಲಕವೊಂದು ದಾರಿ ತಪ್ಪಿ ಬಂದಿದೆಯೆಂದು ಜನ ತಿಳಿಯುತ್ತಾರೆ. ‘ಆಸ್ಯಾಸುಖ’ದ ಬಗ್ಗೆ ಏನೂ ಹೇಳದಿರುವುದೇ ಮೇಲು. ‘ಚಯಾಪಚಯ’ ಪಠ್ಯಪುಸ್ತಕದಲ್ಲಿದೆ, ಮಕ್ಕಳಿಗೆ ಪರಿಚಯವಿದೆ, ಅದನ್ನು ಉಳಿಸಿಕೊಳ್ಳಿ. ಆದರೆ ‘ಕ್ಷಯ’ ಎಂಬ ಅಕ್ಷರಗಳು ಕಂಡರೆ ಕನ್ನಡ ಓದುಗರಿಗೆ ಹೊಳೆಯುವುದು ಕೆಮ್ಮು, ಕಫಪರೀಕ್ಷೆ ಮತ್ತು ಸರ್ಕಾರಿ ಆಸ್ಪತ್ರೆ, ಬೇರೇನೂ ಅಲ್ಲ. ಅದನ್ನು ತೆಗೆಯಿರಿ.

ಶರೀರಕ್ರಿಯಾಶಾಸ್ತ್ರದ ಅಧ್ಯಾಪಕಿ, ಹುಬ್ಬಳ್ಳಿ:

ಮೇಡಂ, ಪದಗಳ ಹುಟ್ಟನ್ನು ನೋಡುವ ಮೊದಲು ದೇಹದಲ್ಲಿ ನಡೆಯುವುದೇನು ಎಂಬುದನ್ನು ನೋಡಿಕೊಂಡರೆ ನಿಮ್ಮ ಮೂರು ಪ್ರಶ್ನೆಗಳಲ್ಲಿ ಎರಡು ತಾವಾಗಿಯೇ ಬಗೆಹರಿಯುತ್ತವೆ.

ಬಾಹ್ಯಾಕಾಶದಲ್ಲಿ ಸ್ನಾಯು ‘ಕರಗುತ್ತದೆ’ ಎಂದು ಪತ್ರಿಕೆಗಳು ಬರೆಯುತ್ತವೆ. ‘ಕ್ಷಯ’ ಎಂದರೂ ‘ಅಪಚಯ’ ಎಂದರೂ ಓದುಗರಿಗೆ ಅದೇ ಚಿತ್ರ ಬರುತ್ತದೆ. ಇದ್ದದ್ದು ಬಿಚ್ಚಿಕೊಂಡು ಹೋಗುತ್ತಿದೆ ಎಂಬ ಚಿತ್ರ ಅದು. ಆದರೆ ಟೆಕ್ಸಸ್‌ನ ಗಾಲ್ವೆಸ್ಟನ್‌ನಲ್ಲಿ ಆರೋಗ್ಯವಂತರನ್ನು 14 ದಿನ ಮಲಗಿಸಿ, ಗುರುತು ಹಚ್ಚಿದ ಅಮೈನೋ ಆಮ್ಲವನ್ನು ರಕ್ತಕ್ಕೆ ಬಿಟ್ಟು ಅಳೆದಾಗ, ಸ್ನಾಯುವಿನಲ್ಲಿ ಪ್ರೋಟೀನು ಒಡೆಯುವ ವೇಗ ಹೆಚ್ಚುಕಡಿಮೆ ಹಾಗೆಯೇ ಇತ್ತು. ಕಟ್ಟುವ ವೇಗ ಸುಮಾರು ಅರ್ಧಕ್ಕೆ ಇಳಿದಿತ್ತು. ಕೆರೆಯ ನೀರು ತಗ್ಗಿದರೆ ತೂಬು ಒಡೆದಿದೆಯೆಂದೇ ಆಗಬೇಕಾಗಿಲ್ಲ. ಹಳ್ಳದಿಂದ ಬರುವ ನೀರು ಸಣ್ಣದಾದರೂ ಕೆರೆ ತಗ್ಗುತ್ತದೆ. ಇಲ್ಲಿ ಆಗುವುದು ಎರಡನೆಯದು. ಆದ್ದರಿಂದ ‘ಸೊರಗು’ ಎಂಬುದೇ ಸರಿ. ಗಿಡ ಸೊರಗಿತು ಎಂದಾಗ ಅದನ್ನು ಯಾರೋ ಕಿತ್ತರು ಎಂದು ನಾವು ತಿಳಿಯುವುದಿಲ್ಲ, ಅದಕ್ಕೆ ಬೇಕಾದುದು ಸಿಗಲಿಲ್ಲವೆಂದು ತಿಳಿಯುತ್ತೇವೆ. ಶಿವಮೊಗ್ಗದವರು ಅಚ್ಚಗನ್ನಡ ಎಂಬ ಕಾರಣಕ್ಕೆ ಈ ಪದ ಕೊಟ್ಟರು. ನಾನು ಅದು ನಿಜವನ್ನು ಹೇಳುತ್ತದೆ ಎಂಬ ಕಾರಣಕ್ಕೆ ಒಪ್ಪುತ್ತಿದ್ದೇನೆ. ‘ಮೈಮಾರ್ಪು’ವನ್ನು ಒಪ್ಪಲಾರೆ. ಕಟ್ಟುವ ಮತ್ತು ಒಡೆಯುವ ಕೆಲಸಗಳಲ್ಲಿ ಯಾವುದು ಕುಂದಿತು ಎಂಬುದೇ ಈ ಫಲಕದ ಜೀವಾಳವಾಗಿರುವಾಗ, ಎರಡನ್ನೂ ಒಂದೇ ‘ಮಾರ್ಪು’ ಮಾಡಿ ಮುಚ್ಚಿದರೆ ಹೇಳಲು ಏನೂ ಉಳಿಯುವುದಿಲ್ಲ. ಆ ಮಟ್ಟಿಗೆ ‘ಚಯಾಪಚಯ’ವೇ ಮೇಲು.

‘ನಿಷ್ಕ್ರಿಯತೆ’ಗೆ ಬರೋಣ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವವರು ಬೆಳಗಿನಿಂದ ರಾತ್ರಿಯವರೆಗೆ ಕೆಲಸದಲ್ಲಿರುತ್ತಾರೆ, ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮಕ್ಕೇ ಮೀಸಲು. ಅವರನ್ನು ನಿಷ್ಕ್ರಿಯರೆಂದಾಗಲಿ, ಕುಳಿತ ಸುಖದಲ್ಲಿರುವವರೆಂದಾಗಲಿ ಕರೆಯುವುದು ಅನ್ಯಾಯ. ಅವರಿಗೆ ಇಲ್ಲದಿರುವುದು ಚಟುವಟಿಕೆಯಲ್ಲ, ಹೊರೆ. ನಿಂತಾಗ, ನಡೆಯುವಾಗ, ಮೆಟ್ಟಿಲು ಹತ್ತುವಾಗ ನಮ್ಮ ತೊಡೆ, ಮೀನಖಂಡ ಮತ್ತು ಬೆನ್ನಿನ ಸ್ನಾಯುಗಳು ಹೊರುವ ಮೈಭಾರ ಅಲ್ಲಿ ಸ್ನಾಯುವಿನ ಮೇಲೆ ಬೀಳುವುದಿಲ್ಲ. ಭೂಮಿಯಲ್ಲಿ ಮನೆಯಲ್ಲೇ ಕೂತವರಿಗೆ ‘ಚಟುವಟಿಕೆಯ ಕೊರತೆ’ ಎನ್ನಿ, ಗಗನಯಾನಿಗಳಿಗೆ ‘ಹೊರೆ ಇಲ್ಲದ ಸ್ನಾಯು’ ಎನ್ನಿ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿಯೂ ಒಂದೇ ಪದವಿರಬೇಕೆಂಬ ಹಟ ಬೇಡ. ‘ಜಡ’ದಿಂದ ಏನನ್ನೂ ಕಟ್ಟಬೇಡಿ, ನಮ್ಮ ಕಡೆ ಜಡ್ಡು ಎಂದರೆ ಕಾಯಿಲೆ.

‘ಹಾಸಿಗೆ ಹಿಡಿದವರು’ ಎಂಬುದೂ ಅದೇ ಕಾರಣಕ್ಕೆ ಆಗದು. ಹಾಸಿಗೆ ಹಿಡಿಯುವವರು ರೋಗಿಗಳು. ಈ ಪ್ರಯೋಗಗಳಿಗೆ ಆರಿಸಿಕೊಳ್ಳುವುದು ಗಟ್ಟಿಮುಟ್ಟಾದ ಸ್ವಯಂಸೇವಕರನ್ನು. ವಾರಗಟ್ಟಲೆ ಎದ್ದೇಳದೆ, ಊಟ, ಸ್ನಾನ, ಶೌಚ ಎಲ್ಲವನ್ನೂ ಮಲಗಿದಲ್ಲೇ ಮುಗಿಸುತ್ತಾರೆ, ತಿಂದದ್ದನ್ನೂ ಹೊರಹೋದದ್ದನ್ನೂ ತೂಗುತ್ತಾರೆ. ದೇಹದ ದ್ರವ ತಲೆಯತ್ತ ಸರಿಯಲೆಂದು ಅನೇಕ ಪ್ರಯೋಗಗಳಲ್ಲಿ ಮಂಚವನ್ನು 6 ಡಿಗ್ರಿ ಓರೆ ಮಾಡಿರುತ್ತಾರೆ. ಇದನ್ನು ದಯವಿಟ್ಟು ‘ತಲೆ ತಗ್ಗಿಸಿ ಮಲಗಿದವರು’ ಎಂದು ಬರೆಯಬೇಡಿ, ಅವರು ಯಾವ ತಪ್ಪನ್ನೂ ಮಾಡಿಲ್ಲ. ‘ತಲೆಯ ಕಡೆ ತಗ್ಗಿರುವ ಮಂಚದಲ್ಲಿ ಮಲಗಿಸಿ ನಡೆಸುವ ಪ್ರಯೋಗ’ ಎಂದರೆ ಉದ್ದವಾಯಿತು, ಆದರೆ ಸ್ಪಷ್ಟವಾಯಿತು.

ಇನ್ನು ಆಹಾರ. ಯಾರಾದರೂ ‘ಪಥ್ಯ’ ಎನ್ನುವ ಮುನ್ನ ಹೇಳಿಬಿಡುತ್ತೇನೆ, ಪಥ್ಯವೆಂದರೆ ಬಿಡುವುದು, ಇಲ್ಲಿರುವ ಪ್ರಶ್ನೆ ತಿನ್ನುವುದರದು. 1973–74ರಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣದ ಯಾನಗಳಲ್ಲಿ, ಅಂದರೆ 28, 59 ಮತ್ತು 84 ದಿನಗಳ ವಾಸದಲ್ಲಿ, ಪ್ರೋಟೀನಿನ ಅಂಶವಾದ ಸಾರಜನಕವನ್ನು ಅಳೆದು, ತಿಂದ ಸಾರಜನಕಕ್ಕೂ ಹೊರಹೋದ ಸಾರಜನಕಕ್ಕೂ ಲೆಕ್ಕವಿಟ್ಟಾಗ ದೇಹದಿಂದ ಸಾರಜನಕ ನಷ್ಟವಾಗುತ್ತಿರುವುದು ತಿಳಿಯಿತು. ಅಮೆರಿಕದ ಬಾಹ್ಯಾಕಾಶ ನೌಕೆ ಷಟಲ್‌ನ ಕೆಲವೇ ದಿನಗಳ ಯಾನಗಳಲ್ಲಿ ಇಡೀ ದೇಹದ ಪ್ರೋಟೀನು ತಯಾರಿಕೆ ಮೊದಮೊದಲು ಏರಿತ್ತು. ದೇಹಕ್ಕೆ ಬಿದ್ದ ಒತ್ತಡದ ಪ್ರತಿಕ್ರಿಯೆ ಅದು ಎಂದು ವಿವರಿಸುತ್ತಾರೆ. ರಷ್ಯಾದ ಮೀರ್ ಬಾಹ್ಯಾಕಾಶ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದವರಲ್ಲಿ ಅದು ಇಳಿಯಿತು, ಮತ್ತು ಆ ಇಳಿಕೆ ಅವರು ಎಷ್ಟು ಕಡಿಮೆ ಉಂಡರು ಎಂಬುದಕ್ಕೆ ಹೊಂದಿಕೊಂಡಿತ್ತು. ಹಸಿವು ಮಂದವಾಗಿ ಊಟದ ಕ್ಯಾಲೊರಿ ಕಡಿಮೆಯಾದರೆ ಅಮೈನೋ ಆಮ್ಲಗಳನ್ನು ದೇಹ ಉರುವಲಾಗಿ ಸುಡುತ್ತದೆ, ಸ್ನಾಯು ಕಟ್ಟಲು ಉಳಿಯುವುದು ಕಡಿಮೆ.

ಹಾಗಾದರೆ ಅಮೈನೋ ಆಮ್ಲಗಳನ್ನೇ ಹೆಚ್ಚಾಗಿ ಕೊಟ್ಟರೆ ಸಾಕಲ್ಲವೇ ಎಂದು ಮಕ್ಕಳು ಕೇಳುತ್ತಾರೆ. 28 ದಿನಗಳ ಮಲಗಿಸುವ ಪ್ರಯೋಗವೊಂದರಲ್ಲಿ ಕೊಟ್ಟು ನೋಡಿದ್ದಾರೆ. ದೇಹವು ತಾನೇ ತಯಾರಿಸಿಕೊಳ್ಳಲಾಗದ ಅಮೈನೋ ಆಮ್ಲಗಳು 16.5 ಗ್ರಾಂ, ಜೊತೆಗೆ 30 ಗ್ರಾಂ ಶರ್ಕರಪಿಷ್ಟ, ದಿನಕ್ಕೆ ಮೂರು ಸಲ. ಅದನ್ನು ಕುಡಿದವರ ಕಾಲಿನ ಸ್ನಾಯುರಾಶಿ ಉಳಿಯಿತು, ಕುಡಿಯದವರದು ಇಳಿಯಿತು. ಆದರೆ ಕುಡಿದವರ ಬಲವೂ ಇಳಿಯಿತು, ಇಳಿಕೆ ಕಡಿಮೆಯಷ್ಟೇ. ಇದಕ್ಕೆ ಇನ್ನೊಂದು ಮುಖವೂ ಇದೆ. ಗಂಧಕವಿರುವ ಮೆಥಿಯೋನಿನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ದೇಹದಲ್ಲಿ ಉರಿದಾಗ ಆಮ್ಲ ಉಳಿಯುತ್ತದೆ. ಹೊರೆ ಇಲ್ಲದೆ ಮೊದಲೇ ಸವೆಯುತ್ತಿರುವ ಮೂಳೆಗೆ ಅದು ಒಳ್ಳೆಯದಲ್ಲ. ಆದ್ದರಿಂದ ‘ಹೆಚ್ಚು ಪ್ರೋಟೀನು ತಿನ್ನಿ’ ಎಂಬ ಸಾಲು ನಿಮ್ಮ ಫಲಕದಲ್ಲಿದ್ದರೆ ದಯವಿಟ್ಟು ಹೊಡೆದುಹಾಕಿ.

ಕೊನೆಯದಾಗಿ ಒಂದು ಎಚ್ಚರಿಕೆ. ಮೂಲದಲ್ಲಿ ‘ಅನಬಾಲಿಕ್ ರೆಸಿಸ್ಟೆನ್ಸ್’ ಎಂದಿದ್ದರೆ ‘ಚಯನ ಪ್ರತಿರೋಧ’ ಎನ್ನಬೇಡಿ. ಕೆಲಸವಿಲ್ಲದ ಸ್ನಾಯು ಊಟದಿಂದ ಬಂದ ಅಮೈನೋ ಆಮ್ಲಗಳನ್ನು ವಿರೋಧಿಸುವುದಿಲ್ಲ, ಅವುಗಳ ಕರೆಗೆ ಮೊದಲಿನಷ್ಟು ಚುರುಕಾಗಿ ಓಗೊಡುವುದಿಲ್ಲ, ಅಷ್ಟೆ.

ನಿವೃತ್ತ ಸಂಸ್ಕೃತ ಅಧ್ಯಾಪಕರು, ಉಡುಪಿ:

ವಿಜ್ಞಾನದ ವಿವರಕ್ಕೆ ಕೃತಜ್ಞತೆಗಳು. ಆದರೆ ಎಲ್ಲರೂ ನಿಶ್ಚಿಂತೆಯಿಂದ ಬಳಸುತ್ತಿರುವ ‘ಸ್ನಾಯು’ವನ್ನು ಯಾರೂ ಪ್ರಶ್ನಿಸಲಿಲ್ಲ. ಸಂಸ್ಕೃತದಲ್ಲಿ ಅದು ಮೂಳೆ, ಮಾಂಸಗಳನ್ನು ಬಿಗಿಯುವ ನಾರು. ಬಂಗಾಳಿಯಲ್ಲಿ ಅದು ನರ. ಕನ್ನಡ, ಮರಾಠಿಯಂಥ ಭಾಷೆಗಳಲ್ಲಿ ಅದು ಮಾಂಸಖಂಡವಾಗಿ ಕೂತಿದೆ. ಶುದ್ಧವಾಗಿ ಬರೆಯುವುದಾದರೆ ‘ಮಾಂಸಪೇಶಿ’ ಎನ್ನಬೇಕು. ‘ಕಂಡ’ವು ‘ಖಂಡ’ದ ತದ್ಭವವೆಂಬುದನ್ನೂ ಶಿವಮೊಗ್ಗದ ಮಿತ್ರರು ಗಮನಿಸಬೇಕು. ತಮ್ಮದೆಂದು ಎತ್ತಿಕೊಂಡ ಕೂಸು ನಮ್ಮ ಮನೆಯದೇ.

ಅಚ್ಚಗನ್ನಡದ ಸದಸ್ಯರು, ಶಿವಮೊಗ್ಗ:

ಯಾವ ಮಾತನ್ನು ಕಂಡರೂ ಅದರ ತೊಟ್ಟಿಲು ಸಂಸ್ಕೃತದಲ್ಲೇ ಇತ್ತು ಎನ್ನುವವರೊಡನೆ ವಾದಿಸಿ ಗೆಲ್ಲಲಾಗದು. ಬಂಗಾಳಿಯವರಿಗೆ ನರವಾದದ್ದು ನಮಗೆ ಮಾಂಸಖಂಡವಾಯಿತೆಂದರೆ, ಎರವಲು ತಂದ ಮಾತಿಗೆ ತಂದವರೇ ಒಡೆಯರು ಎಂದು ನೀವೇ ತೋರಿಸಿಕೊಟ್ಟಂತಾಯಿತು. ಹಾಗಿದ್ದ ಮೇಲೆ ಸಂಸ್ಕೃತದ ಅಪ್ಪಣೆ ನಮಗೇಕೆ? ‘ಸೊರಗು’ ಉಳಿಯಿತಲ್ಲ, ನನಗೆ ಅಷ್ಟು ಸಾಕು.

ಹಿರಿಯ ಉಪಸಂಪಾದಕರು, ಬೆಂಗಳೂರು:

‘ಸ್ನಾಯು’ ಕನ್ನಡದಲ್ಲಿ ಮಾಂಸಖಂಡವೇ. ಬಂಗಾಳಿಯ ವಿಚಾರವನ್ನು ಬಂಗಾಳಿಯ ಪಟ್ಟಿಯಲ್ಲಿ ಚರ್ಚಿಸಬಹುದು.

ಅನುವಾದಕಿ, ಮೈಸೂರು:

ಎಲ್ಲರಿಗೂ ವಂದನೆಗಳು. ಫಲಕದ ಶೀರ್ಷಿಕೆಯನ್ನು ‘ಹೊರೆ ಇಳಿದಾಗ ಸ್ನಾಯು ಏಕೆ ಸೊರಗುತ್ತದೆ?’ ಎಂದು ಬದಲಿಸಿದ್ದೇನೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಚಟುವಟಿಕೆಯ ಕೊರತೆ, ಊಟ ಮತ್ತು ಬಾಹ್ಯಾಕಾಶ ವಾಸದಿಂದ ಅಮೈನೋ ಆಮ್ಲಗಳ ಚಯಾಪಚಯದಲ್ಲಿ ಆಗುವ ಬದಲಾವಣೆ’ ಎಂದಿರುತ್ತದೆ. 2025ರಲ್ಲಿ ಶುಭಾಂಶು ಶುಕ್ಲಾ ಅವರು ನಿಲ್ದಾಣದಲ್ಲಿ ನಡೆಸಿದ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸ್ನಾಯುಕೋಶಗಳ ಪ್ರಯೋಗದ ಚಿತ್ರವೂ ಇದೇ ಫಲಕದಲ್ಲಿ ಬರುತ್ತದೆ. ಅದರ ಅಡಿಬರಹದಲ್ಲಿದ್ದ ‘ಸ್ನಾಯುಕ್ಷಯ’ವನ್ನೂ ‘ಸ್ನಾಯು ಸೊರಗುವಿಕೆ’ ಎಂದು ತಿದ್ದಿದ್ದೇನೆ. ‘ಹೆಚ್ಚು ಪ್ರೋಟೀನು ತಿನ್ನಿ’ ಎಂಬ ಸಾಲು ನಿಜಕ್ಕೂ ಇತ್ತು, ತೆಗೆದೆ.

ಉಳಿದದ್ದು ಒಂದೇ. ಕರಡು ತಿದ್ದುವವರು ‘ಅಮಿನೊ’ ಎಂದು ಬದಲಿಸಿ ಕಳುಹಿಸಿದ್ದಾರೆ. ‘ಅಮೈನೋ’ ಇರಲೋ, ‘ಅಮಿನೊ’ ಇರಲೋ?

ಹಿರಿಯ ಉಪಸಂಪಾದಕರು, ಬೆಂಗಳೂರು:

‘ಅಮೈನೋ’. ಇದರ ಮೇಲೆ ಚರ್ಚೆ ಬೇಡ.

ನಿವೃತ್ತ ಸಂಸ್ಕೃತ ಅಧ್ಯಾಪಕರು, ಉಡುಪಿ:

ಅದು ‘ಅಮೋನಿಯಾ’ದಿಂದ ಬಂದ ಪದವಾದ್ದರಿಂದ ಸ್ವಲ್ಪ ಚರ್ಚೆ ಅಗತ್ಯವೇ ಇದೆ.