ಗ್ಯಾಸ್ಟ್ರಿಕ್ ಮಾತ್ರೆ ಒಂದರ ಬದಲು ಮೂರು ನುಂಗಿದ್ದಾರೆ, ಏನು ಮಾಡಬೇಕು?

ನಾಪೋಕ್ಲು ಸೊಸೆ:
ಮಾವನವರಿಗೆ 68 ವರ್ಷ. ರಾತ್ರಿ ಮದುವೆ ಮನೆಯಲ್ಲಿ ಪಂದಿ ಕರಿ ಊಟ, ಬೆಳಗಿನ ಜಾವದಿಂದ ಎದೆಯುರಿ. 5 ಗಂಟೆಗೆ ಒಂದು ಗ್ಯಾಸ್ಟ್ರಿಕ್ ಕ್ಯಾಪ್ಸೂಲ್ ತಗೊಂಡಿದ್ದಾರೆ. ಉರಿ ಇಳಿಯಲಿಲ್ಲ ಅಂತ 6ಕ್ಕೆ ಇನ್ನೊಂದು, 7ಕ್ಕೆ ಮತ್ತೊಂದು. ಶೀಟ್ ಮೇಲೆ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ, ಡೊಂಪೆರಿಡೋನ್ 30 ಮಿ.ಗ್ರಾಂ ಎಸ್‌ಆರ್ ಅಂತಿದೆ. ಈಗ 8 ಗಂಟೆ. ಸ್ವಲ್ಪ ತಲೆಸುತ್ತು, ಉಳಿದಂತೆ ಮಾತಾಡುತ್ತಾ ಕೂತಿದ್ದಾರೆ. ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಇರುವ ಮಾತ್ರೆ ದಿನಾ ಇದೆ. ಹುಳುಕಡ್ಡಿಗೆ ವಾರಕ್ಕೊಂದು ಫ್ಲುಕೊನಜೋಲ್ 150, ನಿನ್ನೆ ತಗೊಂಡಿದ್ದಾರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇ?

ಮೆಡಿಕಲ್ ಕೌಂಟರ್, ವಿರಾಜಪೇಟೆ:
ವಾಂತಿ ಮಾಡಿಸಬೇಡಿ ಅಕ್ಕ. ಉಪ್ಪುನೀರು ವಯಸ್ಸಾದವರಿಗೆ ತಾನೇ ಒಂದು ಅಪಾಯ. ಒಳಗೆ ಹೋದ ಮಾತ್ರೆ ಹೊರಗೆ ಬರುತ್ತದೆ ಅನ್ನೋ ಖಾತ್ರಿಯೂ ಇಲ್ಲ, ವಾಂತಿ ಶ್ವಾಸಕೋಶಕ್ಕೆ ಇಳಿದರೆ ಕಷ್ಟ.

ಪ್ಯಾಂಟೊಪ್ರಜೋಲ್ ಬಗ್ಗೆ ಗಾಬರಿ ಬೇಡ. ಮೂರು ಸೇರಿ 120 ಮಿ.ಗ್ರಾಂ ಆಯ್ತು. ಹೊಟ್ಟೆಯಲ್ಲಿ ವಿಪರೀತ ಆಸಿಡ್ ಉಕ್ಕುವ ಜೋಲಿಂಗರ್-ಎಲಿಸನ್ ಕಾಯಿಲೆಯವರಿಗೆ ದಿನಕ್ಕೆ 240 ಮಿ.ಗ್ರಾಂವರೆಗೂ ಕೊಡುವುದುಂಟು. ಒಂದು ದಿನ ಹೆಚ್ಚಾದರೆ ತಲೆನೋವು, ವಾಕರಿಕೆ, ಭೇದಿ ಬರಬಹುದು, ಅಷ್ಟೇ. ಬರೀ ಪ್ಯಾಂಟೊಪ್ರಜೋಲ್ ಆಗಿದ್ದರೆ ಇವತ್ತು ಮತ್ತೆ ಕೊಡಬೇಡಿ, ನಾಳೆಯಿಂದ ಯಥಾಪ್ರಕಾರ ಅಂದುಬಿಡುತ್ತಿದ್ದೆ.

ತೊಂದರೆ ಇರುವುದು ಡೊಂಪೆರಿಡೋನ್‌ನಲ್ಲಿ. ದಿನಕ್ಕೆ 30 ಮಿ.ಗ್ರಾಂ ಮಿತಿ, ಇವರ ಹೊಟ್ಟೆಯಲ್ಲಿ 90 ಇದೆ. ಇದು ಹೃದಯದ ಬಡಿತದ ಲಯ ಕೆಡಿಸಬಲ್ಲದು. 60 ದಾಟಿದವರಲ್ಲಿ ಆ ಅಪಾಯ ಜಾಸ್ತಿ. ಅದರ ಮೇಲೆ ಫ್ಲುಕೊನಜೋಲ್: ಡೊಂಪೆರಿಡೋನ್ ಕರಗಿಸುವ ಲಿವರ್ ಕಿಣ್ವವನ್ನು ತಡೆಯುತ್ತದೆ, ತಾನೂ ಅದೇ ಲಯಕ್ಕೆ ಕೈ ಹಾಕುತ್ತದೆ. ನಿನ್ನೆ ತಗೊಂಡದ್ದು ಇವತ್ತೂ ರಕ್ತದಲ್ಲಿ ಸಾಕಷ್ಟು ಇರುತ್ತದೆ. ಬಿಪಿ ಮಾತ್ರೆಯ ಹೈಡ್ರೋಕ್ಲೋರೋಥಯಜೈಡ್ ಪೊಟ್ಯಾಶಿಯಂ ಇಳಿಸಬಹುದು, ಅದೂ ಲಯ ತಪ್ಪಲು ದಾರಿ. ಮೂರೂ ಒಬ್ಬರಲ್ಲೇ ಕೂಡಿವೆ. ಮನೆಯಲ್ಲಿ ಕಾಯಬೇಡಿ, ಈಗಲೇ ಇಸಿಜಿ ಮಾಡಿಸಿ.

ಸ್ಟಾಫ್ ನರ್ಸ್, ಕುಶಾಲನಗರ:
ಮೇಲಿನವರು ಹೇಳಿದ್ದು ಸರಿ. ನನಗೆ ಅದಕ್ಕಿಂತ ಚಿಂತೆ ಆ ಎದೆಯುರಿಯದ್ದೇ. 68ರಲ್ಲಿ ಬಿಪಿ ಇರುವವರಿಗೆ ಮೂರು ಕ್ಯಾಪ್ಸೂಲಿಗೂ ಜಗ್ಗದ ಉರಿ ಪಂದಿ ಕರಿಯದ್ದೇ ಅಂತ ಮನೆಯಲ್ಲಿ ತೀರ್ಮಾನಿಸಲು ಆಗುವುದಿಲ್ಲ, ಹೃದಯಾಘಾತವೂ ಹೀಗೇ ಶುರುವಾಗುತ್ತದೆ. ಇಸಿಜಿ ಎರಡಕ್ಕೂ ಬೇಕು.

ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇಸಿಜಿ ಇದೆಯಾ ಅಂತ ಫೋನ್ ಮಾಡಿ, ಇಲ್ಲದಿದ್ದರೆ ನೇರ ಮಡಿಕೇರಿ ಜಿಲ್ಲಾಸ್ಪತ್ರೆ. ಅವರೇ ಗಾಡಿ ಓಡಿಸಬಾರದು. ಬೆವರು, ಉಸಿರಾಟದ ಕಷ್ಟ, ಎಡಗೈಗೋ ದವಡೆಗೋ ಹರಿಯುವ ನೋವು, ಎದೆ ಢವಢವ, ಕಣ್ಣು ಕತ್ತಲೆ ಇವುಗಳಲ್ಲಿ ಯಾವುದೇ ಒಂದು ಬಂದರೂ 108. ಎಲ್ಲಾ ಶೀಟ್‌ಗಳನ್ನೂ, ಖಾಲಿಯಾದವನ್ನೂ ಚೀಲಕ್ಕೆ ಹಾಕಿ. ಒಂದು ಚೀಟಿಯಲ್ಲಿ 5, 6, 7 ಗಂಟೆ ಅಂತ ಬರೆದು, ಪಕ್ಕದಲ್ಲಿ ಫ್ಲುಕೊನಜೋಲ್ ನಿನ್ನೆ ಎಷ್ಟು ಹೊತ್ತಿಗೆ ಅಂತಲೂ ಬರೆಯಿರಿ. ಬರೀ ಗ್ಯಾಸ್ಟ್ರಿಕ್ ಮಾತ್ರೆ ಜಾಸ್ತಿ ಆಯ್ತು ಅಂದರೆ ಡಾಕ್ಟರಿಗೆ ಡೊಂಪೆರಿಡೋನ್ ಹೊಳೆಯದೇ ಹೋಗಬಹುದು, ಹೆಸರು ಹಿಡಿದು ಹೇಳಿ. ಎಸ್‌ಆರ್ ಅಂದರೆ ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಮೊದಲ ಇಸಿಜಿ ಚೆನ್ನಾಗಿದೆ ಅಂತ ಎದ್ದು ಬರಬೇಡಿ, ಕೆಲವು ಗಂಟೆ ಇಟ್ಟುಕೊಂಡು ಇನ್ನೊಮ್ಮೆ ತೆಗೆಯುತ್ತಾರೆ, ಪೊಟ್ಯಾಶಿಯಂ ನೋಡಲು ರಕ್ತವನ್ನೂ ಕಳಿಸುತ್ತಾರೆ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117, ಹಗಲು ರಾತ್ರಿ ಸಿಗುತ್ತದೆ. ದಾರಿಯಲ್ಲಿ ನೆಟ್‌ವರ್ಕ್ ಇರುವ ಕಡೆ ಮಾಡಿ. ಇದಕ್ಕೆ ಅಂತ ಹೊರಡುವುದನ್ನು ತಡ ಮಾಡಬೇಡಿ.

ನಾಪೋಕ್ಲು ಸೊಸೆ:
ಜೀಪಿಗೆ ಹೇಳಿದ್ದೇವೆ. ಬೆವರಿಲ್ಲ, ಉರಿ ಇನ್ನೂ ಇದೆ. ಅಲ್ಲಿಯವರೆಗೆ ಇನೋ ಕೊಡಬಹುದಾ? ಬೆಳಗಿನ ಬಿಪಿ ಮಾತ್ರೆ?

ಮೆಡಿಕಲ್ ಕೌಂಟರ್, ವಿರಾಜಪೇಟೆ:
ಇನೋ ಬೇಡ. ಅದು ಸೋಡಾ, ಸೋಡಿಯಂ ಬಿಪಿಗೆ ಒಳ್ಳೆಯದಲ್ಲ, ಸೋಡಾ ಹೆಚ್ಚಾದರೆ ಪೊಟ್ಯಾಶಿಯಂ ಇನ್ನೂ ಇಳಿಯುತ್ತದೆ. ಬಿಪಿ ಮಾತ್ರೆ ಜೊತೆಗೆ ಒಯ್ಯಿರಿ, ತಲೆಸುತ್ತು ಇರುವುದರಿಂದ ಬಿಪಿ ನೋಡಿದ ಮೇಲೆ ಡಾಕ್ಟರ್ ಹೇಳಲಿ. ಈಗ ಎರಡು ಗುಟುಕು ನೀರು ಸಾಕು.

ಓದುತ್ತಿರುವ ಬೇರೆಯವರಿಗೆ: ಪ್ಯಾಂಟೊಪ್ರಜೋಲ್ ಇದ್ದ ಉರಿಯನ್ನು ತಕ್ಷಣ ತಣಿಸುವ ಮಾತ್ರೆ ಅಲ್ಲ. ಹೊಟ್ಟೆಯ ಆಸಿಡ್ ಪಂಪುಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ, ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ಗಂಟೆಗೊಂದು ನುಂಗಿದರೆ ಉರಿ ಬೇಗ ಇಳಿಯುವುದಿಲ್ಲ, ಜೊತೆಗಿರುವ ಮದ್ದು ಮಾತ್ರ ಏರುತ್ತದೆ. ಹೆಸರಿನ ಕೊನೆಯಲ್ಲಿ ಡಿ ಅಥವಾ ಡಿಎಸ್‌ಆರ್ ಇದ್ದರೆ ಸಾಮಾನ್ಯವಾಗಿ ಡೊಂಪೆರಿಡೋನ್. ಎಲ್ ಇದ್ದರೆ ಹೆಚ್ಚಾಗಿ ಲೆವೊಸಲ್ಪಿರೈಡ್, ಅದು ಜಾಸ್ತಿಯಾದರೆ ಕುತ್ತಿಗೆ ಸೆಟೆಯುವುದು, ನಾಲಿಗೆ ತಿರುಚುವುದು ಆಗಬಹುದು. ಕಂಪನಿ ಬೇರೆ, ಬಣ್ಣ ಬೇರೆ, ಒಳಗಿನ ಮದ್ದು ಒಂದೇ ಇರುವ ಎರಡು ಶೀಟ್ ಮನೆಯಲ್ಲಿದ್ದರೆ ಒಂದನ್ನು ಇವತ್ತೇ ತೆಗೆದಿಡಿ.