ಅಪ್‌ಡೇಟ್: ಬೆಕ್ಕು ತನ್ನ ಬಾಲವನ್ನೇ ಕಚ್ಚುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ನಮ್ಮ ಚಿನ್ನಿ ಗುರ್ ಎನ್ನುತ್ತಾ ತನ್ನ ಬಾಲವನ್ನೇ ಹಿಡಿದು ಕಚ್ಚುತ್ತಾಳೆ ಎಂದು ಕೇಳಿದ್ದೆ ಅಲ್ವಾ? ಕಾರಣ ಚಿಗಟ! "ಬಾಲದ ಬುಡ ನೋಡಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ಬೇಜಾರಿಗೆ ಕಚ್ಚುತ್ತಾಳೇನೋ ಎಂದು ಜಾಸ್ತಿ ಆಟ ಆಡಿಸಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ.

ವಿಚಿತ್ರ ಅಂದರೆ, ಒಂದು ಚಿಗಟವೂ ಕಣ್ಣಿಗೆ ಬೀಳಲಿಲ್ಲ. ಡಾಕ್ಟರು ಹೇನಿನ ಬಾಚಣಿಗೆಯಂಥದ್ದರಲ್ಲಿ ಬಾಲದ ಬುಡ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿದರು. ಹತ್ತಿ ಕೆಂಪಗಾಯಿತು. ಅದು ಚಿಗಟದ ಹಿಕ್ಕೆ, ಅದರಲ್ಲಿರುವುದು ಬೆಕ್ಕಿನದೇ ರಕ್ತ. ಚಿಗಟದ ಎಂಜಲಿಗೆ ಅಲರ್ಜಿ ಇದ್ದರೆ ಇಷ್ಟು ತುರಿಕೆಗೆ ಒಂದೆರಡು ಕಡಿತವೂ ಸಾಕಂತೆ. ಮೈ ನೆಕ್ಕುವಾಗ ಬೆಕ್ಕೇ ಚಿಗಟ ನುಂಗಿಬಿಡುತ್ತದೆ, ಹಾಗಾಗಿ ನಮಗೆ ಕಾಣುವುದಿಲ್ಲ.

ಕುತ್ತಿಗೆ ಹಿಂದೆ ಔಷಧಿ ಹಾಕಿದರು, ಅವಳ ಹಾಸಿಗೆ ಬಿಸಿನೀರಲ್ಲಿ ಒಗೆದೆವು. ಈಗ ಬಾಲದ ತಂಟೆಗೇ ಹೋಗುತ್ತಿಲ್ಲ. ನಾಯಿಯ ಚಿಗಟದ ಔಷಧಿ ಮಾತ್ರ ಬೆಕ್ಕಿಗೆ ಹಾಕಲೇಬೇಡಿ, ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಜೀವಕ್ಕೇ ಅಪಾಯ.